ಬಾಂಬಿ ಬಕೆಟ್, ಗಟ್ಟಿ ಬಕೆಟ್, ಹೊಟ್ಟೆ ಟ್ಯಾಂಕ್: ಕಾಳ್ಗಿಚ್ಚಿಗೆ ಯಾವುದು ಸರಿ?

ಬೆಂಕಿರೇಖೆ (ಪ್ರಶ್ನೆ):
2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ, 2024ರ ಏಪ್ರಿಲ್‌ನಲ್ಲಿ ನೈನಿತಾಲಿಗೆ ಬಂದ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ತೂಗಿಸಿಕೊಂಡು ಹಾರಿದ್ದು ಬಾಂಬಿ ಬಕೆಟ್ಟನ್ನು, ಅಂದರೆ ಮಡಚಬಹುದಾದ ಬಟ್ಟೆಯ ನೀರಿನ ಬಕೆಟ್ಟನ್ನು. ಗಟ್ಟಿ ಫೈಬರ್ ಬಕೆಟ್ ಮತ್ತು ಹೊಟ್ಟೆಗೆ ಕಟ್ಟುವ ಟ್ಯಾಂಕಿನ ಜೊತೆ ಅದನ್ನು ಹೋಲಿಸಬೇಕಾಗಿದೆ. ಬಾಂಬಿಯ 1518, 2732, 3542 ಎಂಬ ಮಾದರಿ ಸಂಖ್ಯೆಗಳಿಗೂ ಲೀಟರಿಗೂ ಏನು ಸಂಬಂಧ? ಎಚ್125 ಎಂಬ ಸಣ್ಣ ಹೆಲಿಕಾಪ್ಟರಿನ ಹೊಟ್ಟೆಯಡಿಯ ಹುಕ್ 1,400 ಕೆ.ಜಿ. ತಡೆಯುತ್ತದೆ ಅಂದರೆ 1,400 ಲೀಟರ್ ಎತ್ತಬಹುದೇ? ಬಕೆಟ್ ದೊಡ್ಡದಾದಷ್ಟೂ ಒಳ್ಳೆಯದೇ?

ಹೊರತೂಕ:
ಸಂಖ್ಯೆಯ ಗುಟ್ಟು ಸುಲಭ. ಮೊದಲ ಎರಡು ಅಂಕಿಯನ್ನು ಹತ್ತರಿಂದ ಗುಣಿಸಿದರೆ ಬ್ರಿಟಿಷ್ ಗ್ಯಾಲನ್, ಕೊನೆಯ ಎರಡನ್ನು ಗುಣಿಸಿದರೆ ಹೆಚ್ಚುಕಡಿಮೆ ಅಮೆರಿಕನ್ ಗ್ಯಾಲನ್. 3542 ಅಂದರೆ 350 ಬ್ರಿಟಿಷ್ ಅಥವಾ 420 ಅಮೆರಿಕನ್ ಗ್ಯಾಲನ್, ಸುಮಾರು 1,590 ಲೀಟರ್. 1518ರಲ್ಲಿ 680 ಲೀಟರ್ ಹಿಡಿಯುತ್ತದೆ. 2732ರಲ್ಲಿ 324 ಅಮೆರಿಕನ್ ಗ್ಯಾಲನ್, 1,226 ಲೀಟರ್. ಎಚ್‌ಎಲ್5000 ಥರದ ದೊಡ್ಡವಕ್ಕೆ ಮಾತ್ರ ನೇರವಾಗಿ ಲೀಟರಿನ ಲೆಕ್ಕ.

ಇನ್ನು 1,400 ಕೆ.ಜಿ. ವಿಷಯ. ಅದು ಹುಕ್ ಮುರಿಯದೆ ತಡೆಯುವ ಮಿತಿ; ಯಂತ್ರ ಎತ್ತುವ ಮಿತಿ ಬೇರೆ. ಎಚ್125ಕ್ಕೆ ಹುಕ್‌ಗೆ ತೂಗಿಸಿದ ಹೊರತೂಕ ಸಹಿತ ಒಟ್ಟು ಮಿತಿ 2,800 ಕೆ.ಜಿ. ಉಪಕರಣ ಸೇರಿ ಖಾಲಿ ಯಂತ್ರ 1,300, ಪೈಲಟ್ 90, ಇಂಧನ 250 ಎಂದುಕೊಳ್ಳಿ. ಉಳಿದದ್ದು 1,160. ಬಕೆಟ್ಟು, ಹಗ್ಗ, ಕೊಂಡಿಗಳಿಗೆ 80 ಕಳೆದರೆ ನೀರಿಗೆ 1,080. ಹಾಗಾಗಿ 2732ನ್ನು ಪೂರ್ತಿ ತುಂಬಿ ಎತ್ತುವಂತಿಲ್ಲ. ಬಕೆಟ್ಟಿನ ಸುತ್ತ ಇರುವ ಬಿಗಿಪಟ್ಟಿಯನ್ನು ಶೇ 80ರ ಗುರುತಿಗೆ ಕಟ್ಟಿದರೆ 980 ಲೀಟರ್, ಸರಿಹೋಗುತ್ತದೆ. ಅರ್ಧ ಗಂಟೆ ಹಾರಿ ಎಪ್ಪತ್ತು ಕೆ.ಜಿ. ಇಂಧನ ಉರಿದ ಮೇಲೆ ಶೇ 90ಕ್ಕೂ ಜಾಗ ಸಿಗುತ್ತದೆ, ಆದರೆ ಪಟ್ಟಿ ಬದಲಿಸಲು ನೆಲಕ್ಕೆ ಇಳಿಯಲೇಬೇಕು.

ಇದೆಲ್ಲ ಸಮುದ್ರಮಟ್ಟದ ತಂಪು ಗಾಳಿಯ ಲೆಕ್ಕ. ಗೋಪಾಲಸ್ವಾಮಿ ಬೆಟ್ಟದ 1,450 ಮೀಟರ್ ಎತ್ತರದಲ್ಲಿ, ಮಾರ್ಚ್ ಮಧ್ಯಾಹ್ನದ ಬಿಸಿಲಲ್ಲಿ ಗಾಳಿ ತೆಳುವಾಗಿರುತ್ತದೆ. ಆಗ ಆ ದಿನದ ಎತ್ತರ, ಉಷ್ಣಾಂಶ ಇಟ್ಟು, ನೆಲಕ್ಕೆ ಬಡಿದು ಮರಳುವ ಗಾಳಿಯ ಆಸರೆಯಿಲ್ಲದೆ ಒಂದೇ ಕಡೆ ನಿಲ್ಲುವ ಸಾಮರ್ಥ್ಯದ ಪಟ್ಟಿ ನೋಡಬೇಕು. ಬೆಂಕಿಯ ಜಾಗದ್ದಷ್ಟೇ ಅಲ್ಲ, ನೀರು ತುಂಬುವ ಜಾಗದ್ದೂ.

ತೂಬು:
ಮೇಲಿನದಕ್ಕೆ ಒಂದು ಸೇರ್ಪಡೆ. ಬಿಗಿಪಟ್ಟಿ ಮುಟ್ಟದೆಯೂ ನೀರು ಕಡಿಮೆ ಮಾಡಬಹುದು. ಬಕೆಟ್ಟನ್ನು ಜೋರಾಗಿ ಮೇಲೆಳೆದರೆ ಪೂರ್ತಿ ತುಂಬಿ ಬರುತ್ತದೆ. ನಿಧಾನ ಎಳೆದರೆ ಬಟ್ಟೆಯ ಬಾಯಿ ಒಳಕ್ಕೆ ಕುಗ್ಗಿ ಸ್ವಲ್ಪ ನೀರು ಹೊರಚೆಲ್ಲುತ್ತದೆ. ಆದರೆ ತೂಕದ ಮೀಟರ್ ಇಲ್ಲದೆ ಇದನ್ನು ನಂಬಿ ಕೂರಬೇಡಿ.

ಲೀಟರಿಗಿಂತ ಸುತ್ತಿನ ಸಮಯ ಮುಖ್ಯ. 3,000 ಲೀಟರ್ ಹೊತ್ತು ಹತ್ತು ನಿಮಿಷಕ್ಕೊಂದು ಸುತ್ತು ಹಾಕಿದರೆ ಗಂಟೆಗೆ 18,000. 1,200 ಲೀಟರಿನ ಸಣ್ಣ ಯಂತ್ರ ಹತ್ತಿರದ ಕೆರೆಯಿಂದ ಮೂರು ನಿಮಿಷಕ್ಕೊಮ್ಮೆ ಬಂದರೆ 24,000. ಮೊದಲು ಕೆರೆ ಹುಡುಕಿ, ಬಕೆಟ್ ಆಮೇಲೆ.

ನಮ್ಮ ಕಡೆ ತೊಡಕು ಇಲ್ಲೇ. ಬೇಸಿಗೆ ಬರುವಷ್ಟರಲ್ಲಿ ಕಾಡಿನ ಕೆರೆಗಳು ತಳ ಕಾಣುತ್ತವೆ. ಸಾದಾ ಬಾಂಬಿ ಅಡ್ಡಬಿದ್ದು ಮುಳುಗಿ ತುಂಬಬೇಕು; ಬಾಯಿಯ ಒಂದು ಪಕ್ಕದಲ್ಲಿ ಹೊಲಿದ ಚೀಲದ ತೂಕವೇ ಅದನ್ನು ವಾಲಿಸುವುದು. ಆಳ ಸಾಲದಿದ್ದರೆ ಅರ್ಧ ತುಂಬುತ್ತದೆ, ಜೊತೆಗೆ ಕೆಸರು. ಪಂಪ್ ಇರುವ ಮಾದರಿಗೆ ಮೊಣಕಾಲುದ್ದ ನೀರು ಸಾಕು, ಆದರೆ ಪಂಪಿನ ತೂಕದಷ್ಟು ನೀರು ಬಿಟ್ಟುಕೊಡಬೇಕು. ಕಬಿನಿಯಂಥ ಹಿನ್ನೀರಿನಲ್ಲಿ ಆಳವಿದೆ, ಆದರೆ ಮುಳುಗಿದ ಒಣಮರಗಳೂ ಇವೆ. ಹಗ್ಗ ಅದಕ್ಕೆ ಸಿಕ್ಕಿಕೊಂಡರೆ ಹುಕ್ ಬಿಚ್ಚಿ ಬಕೆಟ್ ಕಳೆದುಕೊಳ್ಳುವುದೊಂದೇ ದಾರಿ.

ಬೆಂಕಿರೇಖೆ:
ಹಾಗಾದರೆ ಗಟ್ಟಿ ಬಕೆಟ್ ಮೇಲಲ್ಲವೇ? ಬಟ್ಟೆ ಹರಿಯುವ ಭಯವಿಲ್ಲ. ಬಾಂಬಿಯ ನೀರು ಬಿಡುವ ಕವಾಟ ಕೈಕೊಡುವುದು ಯಾಕೆ ಅಂತಲೂ ಹೇಳಿ.

ಹೊರತೂಕ:
ಗಟ್ಟಿಯದು ಸರಳ, ನಿಜ. ಆದರೆ ಮಡಚಲಾಗದು. ಬೆಂಕಿಯ ಜಾಗದವರೆಗೂ ತೂಗಿಸಿಕೊಂಡೇ, ಗಾಳಿಗೆ ಎದುರಾಗಿ, ನಿಧಾನ ಹಾರಬೇಕು. ಇಲ್ಲವೆ ಲಾರಿಯಲ್ಲಿ ಕಳಿಸಬೇಕು. ಕೆನಡಾದಲ್ಲಿ 1980ರ ದಶಕದಲ್ಲಿ ಬಂದ ಬಾಂಬಿ ಗೆದ್ದದ್ದು ಇದೇ ಕಾರಣಕ್ಕೆ: ಮಡಚಿ ಕ್ಯಾಬಿನ್ನಿನೊಳಗೆ ಹಾಕಿಕೊಂಡು ಪೂರ್ಣ ವೇಗದಲ್ಲಿ ಹೋಗಬಹುದು. ಹೊಟ್ಟೆ ಟ್ಯಾಂಕಿಗೆ ತೂಗಾಟದ ಕಾಟವೇ ಇಲ್ಲ. ಎಸ್-64 ಸ್ಕೈಕ್ರೇನ್ ಹೆಲಿಕಾಪ್ಟರ್ ಕೊಳವೆ ಇಳಿಬಿಟ್ಟು ಒಂದು ನಿಮಿಷದೊಳಗೆ ಸುಮಾರು 10,000 ಲೀಟರ್ ಹೀರುತ್ತದೆ. ಆದರೆ ಟ್ಯಾಂಕು ಆ ಮಾದರಿಯ ಯಂತ್ರಕ್ಕೇ ಅಂಟಿಕೊಂಡದ್ದು. ಇವತ್ತು ಬೆಂಕಿ, ನಾಳೆ ಪ್ರವಾಹ ಪರಿಹಾರ ಎಂದು ಓಡುವ ಎಂಐ-17ಕ್ಕೆ ಬಕೆಟ್ಟೇ ಲಾಯಕ್ಕು.

ಕವಾಟದ್ದು ಹೀಗೆ: ಹುಕ್‌ನ ಕೆಳಗಿನ ತಲೆಪೆಟ್ಟಿಗೆಯಲ್ಲಿ ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಕದಲುವ ಅಯಸ್ಕಾಂತದ ಕೊಂಡಿ) ಇದೆ. ಗುಂಡಿ ಒತ್ತಿದಾಗ ಅದು ಎಳೆದಾರ ಬಿಡುತ್ತದೆ, ಬಟ್ಟೆಯ ಕವಾಟ ಕೆಳಗೆ ಜಾರಿ ನೀರೆಲ್ಲ ಸುರಿಯುತ್ತದೆ. ಮತ್ತೆ ನೀರಿಗಿಳಿಸಿದಾಗ ಸ್ಪ್ರಿಂಗ್ ಸುರುಳಿ ದಾರ ಎಳೆದುಕೊಂಡು ಕವಾಟ ಮುಚ್ಚುತ್ತದೆ. ಕಡ್ಡಿ, ಮರಳು ಮಡಿಕೆಯಲ್ಲಿ ಸಿಕ್ಕರೆ ಸೋರಿಕೆ. ದಾರದ ಉದ್ದ ತಪ್ಪಿದ್ದರೂ ಸೋರಿಕೆ, ಇಲ್ಲವೆ ತೆರೆಯುವುದೇ ಇಲ್ಲ. ಪ್ಲಗ್ಗಿನ ಪಿನ್ ತುಕ್ಕು ಹಿಡಿದರೆ ಗುಂಡಿ ಒತ್ತಿದರೂ ಮಿಸುಕದು. ಹಳೆಯ ಮಾದರಿಯಲ್ಲಿ ಅರ್ಧ ಬಿಟ್ಟು ಅರ್ಧ ಉಳಿಸಲಾಗದು. ಬಾಂಬಿ ಮ್ಯಾಕ್ಸ್‌ನಲ್ಲಿ ಒಂದೇ ತುಂಬನ್ನು ಹಲವು ಸಲ ಬಿಡಬಹುದು.

ಹಾರುವ ಮುಂಚೆ ಎರಡು ಕೆಲಸ ತಪ್ಪಿಸಬೇಡಿ. ನೀರು ಬಿಡುವ ಗುಂಡಿ, ಹುಕ್ ಬಿಚ್ಚುವ ಗುಂಡಿ ಎರಡನ್ನೂ ನೆಲದ ಮೇಲೇ ಒತ್ತಿ ನೋಡಿ, ಗುರುತು ಬೇರೆ ಬೇರೆ ಇರಲಿ. ಗಡಿಬಿಡಿಯಲ್ಲಿ ಅದಲುಬದಲಾದರೆ ನೀರಿನ ಬದಲು ಬಕೆಟ್ಟೇ ಬೀಳುತ್ತದೆ. ಉದ್ದ ಹಗ್ಗ ಬಳಸದಿದ್ದರೆ ಹುಕ್‌ನಿಂದ ಬಕೆಟ್ಟಿನ ತಳದವರೆಗೆ ಅಳೆಯಿರಿ. ಹುಕ್‌ನಿಂದ ಬಾಲದ ರೋಟರಿಗಿರುವ ದೂರಕ್ಕಿಂತ ಅದು ಒಂದು ಗೇಣಾದರೂ ಕಡಿಮೆ ಇರಬೇಕು. ಖಾಲಿ ಬಕೆಟ್ ವೇಗಕ್ಕೆ ಹಿಂದೆ ಹಾರಿ ರೋಟರಿಗೆ ತಗುಲೀತು.

ತೂಬು:
ಉದ್ದ ಹಗ್ಗಕ್ಕೆ ಇನ್ನೊಂದು ಉಪಯೋಗ. 30-60 ಮೀಟರ್ ಹಗ್ಗವಿದ್ದರೆ ರೋಟರಿನ ಗಾಳಿ ಬೆಂಕಿಗೆ ತಿದಿ ಒತ್ತುವುದಿಲ್ಲ. ತೀರಾ ಮೇಲಿಂದ ಬಿಟ್ಟರೆ ನೀರು ಹನಿಯೊಡೆದು ಗಾಳಿಪಾಲು. ಕೆಳಗಿರುವವರು ಒಣಮರದ ಬುಡದಿಂದ ದೂರ ಸರಿದಿರಬೇಕು. ಒಂದು ಟನ್ ನೀರು ಕೊಂಬೆಯನ್ನೂ ಕಲ್ಲನ್ನೂ ಕೆಡವುತ್ತದೆ. ನೊರೆದ್ರಾವಣ ಬೆರೆಸುವುದಾದರೆ ಶೇ 0.3ರಿಂದ 0.5 ಸಾಕು, ಮತ್ತು ಅದೇ ಬಕೆಟ್ಟನ್ನು ಪ್ರಾಣಿಗಳು ಕುಡಿಯುವ ಕೆರೆಗೆ ತೊಳೆಯದೆ ಅದ್ದಬೇಡಿ. ಲಂಟಾನ ಪೊದೆಯಡಿ ಬೇರಿನಲ್ಲಿ ಕೆಂಡ ಉಳಿದಿರುತ್ತದೆ. ನೀರು ಬಿದ್ದ ಹತ್ತು ನಿಮಿಷದೊಳಗೆ ಗುದ್ದಲಿ ಹಿಡಿದವರು ಅಲ್ಲಿಗೆ ತಲುಪದಿದ್ದರೆ ಅದೇ ಜಾಗಕ್ಕೆ ಇನ್ನೊಂದು ಬಕೆಟ್ ದಂಡ.