ಫ್ಯೂಸ್ ಇಲ್ಲದ ವೈರ್ ಗಾಡಿಯೊಳಗೆ ಬರಬಾರದು

ಮೋಶಿಯವಳೇ, ನಿನ್ನ ಪ್ರಶ್ನೆ ಮಧ್ಯಾಹ್ನದಿಂದ ಗ್ರೂಪಿನಲ್ಲಿ ಹಾಗೇ ಬಿದ್ದಿದೆ. ಕಾಕಾ, ಮಾವ, ದೊಡ್ಡಪ್ಪ ಅಂತ ಮೂವರನ್ನು ಕೇಳಿದ್ದೀಯ. ಮೂವರೂ ನೋಡಿ ಸುಮ್ಮನಿದ್ದಾರೆ. ಇರಲಿ, ನಾನು ಹೇಳುತ್ತೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸು.

ಹೊಸ ಇಸುಜು ವಿ-ಕ್ರಾಸ್ ಪಿಕಪ್ಪಿನಲ್ಲಿ ಕಂಪನಿ ಕೊಟ್ಟ ಸೌಂಡ್ ಸಾಲದು ಅಂತ ಅವನು ಸದ್ದು ಜೋರು ಮಾಡುವ ಸಾವಿರ ವ್ಯಾಟ್ ಆ್ಯಂಪ್ಲಿಫೈಯರ್ ಹಾಕಿಸುತ್ತಾನಂತೆ. ಜೊತೆಗೆ ಢಂ ಢಂ ಅನ್ನುವ ದಪ್ಪ ಸದ್ದಿಗೆ ದೊಡ್ಡ ಬಾಸ್ ಡಬ್ಬ. ನಾಳೆಯೇ ಅಂಗಡಿಗೆ ಹೋಗುತ್ತಾನಂತೆ. ಬ್ಯಾಟರಿ ಹೋಗುತ್ತದಾ, ವಾರಂಟಿ ಹೋಗುತ್ತದಾ, ಬೆಂಕಿ ಏನಾದರೂ ಹತ್ತುತ್ತದಾ ಅಂತ ಕೇಳಿದ್ದೀಯ. ಬ್ಯಾಟರಿ, ವಾರಂಟಿ ಆಮೇಲೆ. ಮೊದಲು ಬೆಂಕಿ. ಹತ್ತುತ್ತದೆ. ನಮ್ಮ ಗಾಡಿಗೆ ಹತ್ತಿತ್ತು.

ನಮ್ಮ ಟಾಟಾ 207 ನಿಮಗೆಲ್ಲ ಗೊತ್ತಿರುವುದೇ. ಈ ಗ್ರೂಪಿನ ಅರ್ಧ ಜನ ಅದರ ಹಿಂದೆ ಕೂತು ಆಳಂದಿಗೆ ಹೋದವರು. ಖಾನಾವಳಿಗೆ ಜೋಳ ತರುವುದಕ್ಕೆ ಅಂತ ತೆಗೆದುಕೊಂಡ ಗಾಡಿ ಅದು. ಮಂಗಳವೇಢೆ ಕಡೆಯ ಮಾಲದಂಡಿ ಜೋಳ ಬಿಟ್ಟರೆ ಬೇರೆಯದರಲ್ಲಿ ನಾನು ರೊಟ್ಟಿ ಬಡಿಯುತ್ತಿರಲಿಲ್ಲ. ಹೋಗುವುದು ಬರುವುದು ದೂರದ ದಾರಿ. ಪಂಢರಪುರ, ಟೆಂಭುರ್ಣಿ, ಇಂದಾಪುರ, ಭಿಗವಣ ದಾಟಿ ಪುಣೆ ಸೇರಬೇಕು. ಗಾಡಿಯಲ್ಲಿ ಮೊದಲಿದ್ದ ಸೆಟ್ಟಿನಲ್ಲಿ ಎಂಜಿನ್ ಸದ್ದಿನ ಮುಂದೆ ಏನೂ ಕೇಳುತ್ತಿರಲಿಲ್ಲ. ನಮ್ಮ ಯಜಮಾನರು, ಇವರಿಗೋ ಭೀಮಸೇನ ಜೋಶಿ ಅಂದರೆ ಪ್ರಾಣ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರು, ನಮ್ಮವರು ಅನ್ನುವ ಅಭಿಮಾನ. 1953ರಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವಕ್ಕೆ ವ್ಯಾಪಾರ ಬಿಟ್ಟಾದರೂ ಹೋಗುವವರು ಇವರು. ರಾತ್ರಿ ದಾರಿಯಲ್ಲಿ ದಾಸರ ಪದ ಚೆನ್ನಾಗಿ ಕೇಳಬೇಕು ಅಂತ ಒಂದು ಅಂಗಡಿಗೆ ಗಾಡಿ ಬಿಟ್ಟರು. ಅಂಗಡಿಯ ಹೆಸರು ಬೇಡ. ಅವನು ಆ್ಯಂಪ್ಲಿಫೈಯರ್ ಕೂರಿಸಿದ, ಸ್ಪೀಕರ್ ಬದಲಾಯಿಸಿದ, ಸಂಜೆಯೊಳಗೆ ಗಾಡಿ ಕೊಟ್ಟ. ಸದ್ದು ಚೆನ್ನಾಗಿಯೇ ಬಂತು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಒಂದು ರಾತ್ರಿ ಜೋಳದ ಚೀಲ ತುಂಬಿಕೊಂಡು ಬರುತ್ತಿದ್ದೆವು. ಇಂದಾಪುರ ದಾಟಿದ ಮೇಲೆ ಸುಟ್ಟ ವಾಸನೆ ಬಂತು. ಆ ಕಡೆ ಕಬ್ಬಿನ ಹೊಲ ಜಾಸ್ತಿ ಅಲ್ವಾ, ರವದಿಗೆ, ಒಣಗಿದ ಕಬ್ಬಿನ ಗರಿಗೆ, ಬೆಂಕಿ ಹಾಕಿದ್ದಾರೆ ಅಂತ ಇವರು ಅಂದರು. ಅದು ರವದಿ ವಾಸನೆ ಅಲ್ಲ. ಪ್ಲಾಸ್ಟಿಕ್ ವಾಸನೆ, ಮೂಗಿಗೆ ಚುಚ್ಚುವಂಥದ್ದು. ನಾನು ಗಾಡಿ ನಿಲ್ಲಿಸಿ ಅಂದೆ. ಭಿಗವಣದ ಹತ್ತಿರ ಪಕ್ಕಕ್ಕೆ ಹಾಕುವುದರೊಳಗೆ ನನ್ನ ಕಾಲ ಬುಡದಿಂದ ಹೊಗೆ ಎದ್ದಿತು. ಇವರು ಕೀ ತಿರುಗಿಸಿ ಎಂಜಿನ್ ಬಂದ್ ಮಾಡಿದರು. ಹೊಗೆ ನಿಲ್ಲಲಿಲ್ಲ. ಕೀ ತೆಗೆದು ಕೈಯಲ್ಲಿ ಹಿಡಿದರೂ ನಿಲ್ಲಲಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಕೆಂಪಗೆ ಉರಿ ಕಂಡಿತು. ಹಿಂದೆ ಬಂದ ಟ್ರಕ್ಕಿನ ಡ್ರೈವರ್ ಒಬ್ಬ ಪಾನಾ ಹಿಡಿದು ಓಡಿ ಬಂದು ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಎಸೆದ. ಆಗ ನಿಂತಿತು. ಅವನು ಇಲ್ಲದಿದ್ದರೆ ಗಾಡಿ ಅಲ್ಲೇ ಬೂದಿ.

ಯಾಕೆ ಹೀಗಾಯಿತು ಅಂತ ತಿಳಿದದ್ದು ಪುಣೆಗೆ ಎಳೆದು ತಂದ ಮೇಲೆ. ನಾನಾ ಪೇಟೆಯ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದನ್ನೂ ಬಿಚ್ಚಿ ತೋರಿಸಿದರು. ಆ್ಯಂಪ್ಲಿಫೈಯರ್‌ಗೆ ಕರೆಂಟು ಕೀ ಮೂಲಕ ಬರುವುದಿಲ್ಲ. ಬ್ಯಾಟರಿಯಿಂದ ನೇರವಾಗಿ ಒಂದು ದಪ್ಪ ಕೆಂಪು ವೈರ್ ಬರುತ್ತದೆ. ಅದು ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ಬರಬೇಕಾದರೆ ಮಧ್ಯದ ತಗಡಿನ ತೂತಿನಿಂದ ತೂರಬೇಕು. ಆ ತೂತಿಗೆ ರಬ್ಬರ್ ಬಳೆ ಹಾಕಬೇಕು. ಅಂಗಡಿಯವನು ಹಾಕಿರಲಿಲ್ಲ. ಡೀಸೆಲ್ ಗಾಡಿಯ ನಡುಕಕ್ಕೆ ತಗಡಿನ ಅಂಚು ವೈರಿನ ಸಿಪ್ಪೆಯನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ದಿದೆ. ಒಳಗಿನ ತಾಮ್ರ ತಗಡಿಗೆ ತಾಗಿದೆ. ಗಾಡಿಯ ತಗಡೆಲ್ಲ ಬ್ಯಾಟರಿಯ ನೆಗೆಟಿವ್‌ಗೆ ಸೇರಿದ್ದು. ತಾಗಿದ ಕ್ಷಣ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ವೈರೇ ಒಲೆಯ ಕಾಯಿಲ್ ಆಗುತ್ತದೆ. ಕೀ ತೆಗೆದರೆ ಅದಕ್ಕೇನು?

ಅಂಗಡಿಯವನನ್ನು ಕೇಳಿದರೆ, ಫ್ಯೂಸ್ ಹಾಕಿದ್ದೆ, ಆ್ಯಂಪ್ಲಿಫೈಯರ್ ಮೇಲೇ ಇದೆ ನೋಡಿ ಅಂದ. ಇದೆ. ಆದರೆ ಅದು ವೈರಿನ ಆ ಕೊನೆಯಲ್ಲಿದೆ, ಆ್ಯಂಪ್ಲಿಫೈಯರ್ ಉಳಿಸುವುದಕ್ಕೆ. ಬ್ಯಾಟರಿಯಿಂದ ಅಲ್ಲಿವರೆಗಿನ ವೈರ್ ಸುಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮುಂಬಾಗಿಲು ತೆರೆದಿಟ್ಟು ಹಿತ್ತಿಲ ಬಾಗಿಲಿಗೆ ಬೀಗ ಹಾಕಿದ ಹಾಗೆ. ಇನ್ನೊಂದು ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಹತ್ತಿರವೇ ಇರಬೇಕು, 18 ಇಂಚಿನೊಳಗೆ. ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಆಗ ವೈರ್ ಎಲ್ಲೇ ತಗಡಿಗೆ ತಾಗಲಿ, ಫ್ಯೂಸ್ ಹಾರಿ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಹೇಳುತ್ತೇನೆ, ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲದ ವೈರ್ ನಿನ್ನ ಮಗನ ಗಾಡಿಯೊಳಗೆ ಬರಬಾರದು. ಅಂಗಡಿಯವನು ಎಷ್ಟೇ ದೊಡ್ಡವನಾಗಿರಲಿ, ಎಷ್ಟೇ ವರ್ಷದಿಂದ ಮಾಡುತ್ತಿರಲಿ.

ಅವತ್ತಿನ ಖರ್ಚು ಹೇಗೋ ಭರಿಸಿದೆವು. ಇನ್ಶೂರೆನ್ಸ್‌ನವರು ಹೊರಗಿನ ವೈರಿಂಗ್ ಅಂತ ಕೈ ತೊಳೆದುಕೊಂಡರು, ಅದನ್ನೂ ನುಂಗಿಕೊಂಡೆ. ನುಂಗಲಾರದ್ದು ಬೇರೆ. ಆ ವಾರವೇ ತೊಟ್ಟಿಲ ಕಾರ್ಯಕ್ರಮ ಇತ್ತಲ್ಲ, ಸಾಂಗವಿ ಮನೆಯಲ್ಲಿ. ಎಲ್ಲರೂ ಕೂತಿದ್ದರು. ಹೆಂಗಸು ಗಾಡಿ ವ್ಯವಹಾರಕ್ಕೆ ಕೈ ಹಾಕಿದರೆ ಇದೇ ಆಗುವುದು ಅಂತ ಮಾತು ಬಂತು. ಯಾರು ಅಂದರು ಅಂತ ಹೇಳುವುದಿಲ್ಲ, ಅಂದವರೂ ಈ ಗ್ರೂಪಿನಲ್ಲೇ ಇದ್ದಾರೆ. ವೈರ್ ಎಳೆದವನು ಗಂಡಸು, ಗಾಡಿ ಅಂಗಡಿಗೆ ಬಿಟ್ಟವರು ಗಂಡಸು. ವಾಸನೆ ಹಿಡಿದು ನಿಲ್ಲಿಸಿ ಅಂದವಳು ನಾನು. ಆರ್‌ಸಿ ಪುಸ್ತಕದಲ್ಲಿ ನನ್ನ ಹೆಸರು. ಬ್ಯಾಂಕಿನ ಕಂತು ಭೋಸರಿಯ ಕಾರ್ಖಾನೆ ಹುಡುಗರಿಗೆ ರೊಟ್ಟಿ ಕೊಟ್ಟು ತೀರಿಸಿದವಳೂ ನಾನೇ. ಆದರೂ ಇವತ್ತಿಗೂ ಎಲ್ಲರ ಬಾಯಲ್ಲಿ ಅದು ಮಾವನ ಗಾಡಿ. ಉಪ್ಪಿನಕಾಯಿ ಕೆಟ್ಟರೆ ನನಗೆ ಫೋನ್ ಬರುತ್ತದೆ. ಗಾಡಿ ವಿಷಯ ಬಂದರೆ ಕಾಕಾ ಹೇಳಿ, ಮಾವ ಹೇಳಿ. ನೀನೂ ಅದೇ ಮಾಡಿದೆ. ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ಆದರೆ ನನಗೆ ನೋವಾಗುತ್ತದೆ, ಅದನ್ನು ಹೇಳದೇ ಇರುವುದಿಲ್ಲ. ಸುಟ್ಟ ವೈರ್ ಕೈಯಲ್ಲಿ ಹಿಡಿದು ಕಲಿತವಳು ಈ ಮನೆಯಲ್ಲಿ ಬೇರೆ ಯಾರಿದ್ದಾರೆ?

ಇನ್ನೊಂದು ಸಂಕಟ ಅಂದರೆ ಈಗಿನ ಅಂಗಡಿಗಳದ್ದು. ಸೌಂಡ್ ತೋರಿಸು ಅಂದರೆ ಢಂ ಢಂ ಅನ್ನುವ ಹಾಡು ಒಂದೇ ಹಾಕುತ್ತಾರೆ. ಎದೆ ನಡುಗಿದರೆ ಸೌಂಡ್ ಒಳ್ಳೆಯದು ಅಂತ ಲೆಕ್ಕ. ಹಾಡುವವರ ದನಿ ಹೇಗಿದೆ, ತಂಬೂರಿ ಕೇಳುತ್ತದಾ, ಯಾರೂ ನೋಡುವುದಿಲ್ಲ. ಇವರು ಪೆನ್‌ಡ್ರೈವ್‌ನಲ್ಲಿ ದಾಸರ ಪದ ಒಯ್ದರೆ ಅಂಗಡಿ ಹುಡುಗರು ಮುಖ ಮುಖ ನೋಡಿದರು. ಸಾವಿರ ವ್ಯಾಟ್ ಅಂತ ಡಬ್ಬದ ಮೇಲೆ ಬರೆದದ್ದು ಕ್ಷಣಮಾತ್ರ ಏರುವ ಅಂಕಿ. ಸತತವಾಗಿ ಕೊಡುವುದನ್ನು ಆರ್‌ಎಂಎಸ್ ಅಂತ ಬೇರೆ ಬರೆದಿರುತ್ತಾರೆ, ಅದು ತುಂಬಾ ಕಡಿಮೆ ಇರುತ್ತದೆ. ಅದನ್ನು ನೋಡಿ ತೆಗೆದುಕೊಳ್ಳಬೇಕು. ವ್ಯಾಟ್ ಎರಡು ಪಟ್ಟು ಮಾಡಿದರೂ ಸದ್ದು ಏರುವುದು 3 ಡೆಸಿಬೆಲ್, ಅಷ್ಟೇ. ಕಿವಿಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ, ಎರಡರಷ್ಟು ಅಲ್ಲ. ನಿಜವಾಗಿ ಸಾವಿರ ವ್ಯಾಟ್ ಆರ್‌ಎಂಎಸ್ ಬೇಕು ಅಂದರೆ ಪೂರ್ತಿ ಜೋರಿನಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. ಹೆಡ್‌ಲೈಟ್, ಎಸಿ, ವೈಪರ್ ಎಲ್ಲ ನಡೆಯಬೇಕಾದ ಆಲ್ಟರ್ನೇಟರ್‌ನಿಂದ, ಅಂದರೆ ಎಂಜಿನ್ ತಿರುಗಿಸಿ ಕರೆಂಟು ಮಾಡುವ ಯಂತ್ರದಿಂದ, ಅಷ್ಟನ್ನು ಕಿತ್ತುಕೊಳ್ಳುವುದು ಯಾಕೆ? ಬ್ಯಾಟರಿ ಹೋಗುತ್ತದಾ ಅಂತ ಕೇಳಿದೆಯಲ್ಲ, ಹೋಗುವುದು ಹೀಗೆ.

ಅಯ್ಯೋ, ಏನು ಮಾಡಬೇಕು ಅನ್ನುವುದೇ ಉಳಿದುಹೋಯಿತು. ಅವನು ನಾಳೆ ಬೆಳಿಗ್ಗೆಯೇ ಹೊರಡುತ್ತಾನೆ ಅಲ್ವಾ.

ನಾಳೆ ಆ್ಯಂಪ್ಲಿಫೈಯರ್ ಬೇಡ. ಮೊದಲು ಮುಂದಿನ ಬಾಗಿಲಿನ ಎರಡು ಸ್ಪೀಕರ್ ಬದಲಾಯಿಸಲಿ. ಹಾಡು ಹಾಕುವ ಕಂಪನಿಯ ಸ್ಕ್ರೀನ್ ಹಾಗೇ ಇರಲಿ. ಸ್ಟೇರಿಂಗ್ ಮೇಲಿನ ಬಟನ್, ಹಿಂದಿನ ಕ್ಯಾಮೆರಾ ಎಲ್ಲ ಅದಕ್ಕೇ ಜೋಡಿಸಿರುತ್ತಾರೆ. ಅಂಥ ಸ್ಕ್ರೀನ್ ಒಂದು ಸ್ಪೀಕರ್‌ಗೆ ನಿಜವಾಗಿ ಕೊಡುವುದು 15ರಿಂದ 20 ವ್ಯಾಟ್. ಅಷ್ಟರಲ್ಲೇ ಚೆನ್ನಾಗಿ ಹಾಡುವ ಸ್ಪೀಕರ್ ಕೇಳಲಿ. ಅದಕ್ಕೆ ಸೆನ್ಸಿಟಿವಿಟಿ ಅಂಕಿ ನೋಡಬೇಕು, ಕಡಿಮೆ ವ್ಯಾಟ್‌ನಲ್ಲಿ ಎಷ್ಟು ಸದ್ದು ಬರುತ್ತದೆ ಅನ್ನುವ ಲೆಕ್ಕ ಅದು, 90 ಡೆಸಿಬೆಲ್ ಮೇಲಿದ್ದರೆ ಒಳ್ಳೆಯದು. ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ 4 ಓಮ್ ಇರಲಿ.

ಸ್ಪೀಕರ್‌ಗಿಂತ ಜಾಸ್ತಿ ವ್ಯತ್ಯಾಸ ಮಾಡುವುದು ಬಾಗಿಲು. ಇದನ್ನು ಯಾರೂ ಹೇಳುವುದಿಲ್ಲ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ದೊಡ್ಡ ತೂತು ಇರುತ್ತವೆ. ಸ್ಪೀಕರಿನ ಹಿಂದಿನ ಸದ್ದು ಆ ತೂತಿನಿಂದ ಬಂದು ಮುಂದಿನ ಸದ್ದನ್ನು ಕೊಲ್ಲುತ್ತದೆ, ಬಾಸ್ ಸತ್ತುಹೋಗುತ್ತದೆ. ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂತ ಸಿಗುತ್ತದೆ, ತಗಡಿನ ನಡುಕ ತಡೆಯುವ ರಬ್ಬರಿನಂಥ ಹಾಳೆ, ಅಂಟಿಸುವಂಥದ್ದು. ಹೊರತಗಡಿಗೆ ಅಂಟಿಸಿ, ಒಳಗಿನ ತೂತುಗಳನ್ನೂ ಮುಚ್ಚಿಸಲಿ. ಬಾಗಿಲ ಕೆಳಗಿನ ಅಂಚಿನಲ್ಲಿ ಮಳೆ ನೀರು ಹೋಗುವ ಸಣ್ಣ ಕಿಂಡಿ ಇರುತ್ತದೆ, ಅದನ್ನು ಮಾತ್ರ ಮುಚ್ಚಬಾರದು. ನಮ್ಮ ಕಡೆಯ ಮಳೆಗೆ ನೀರು ನಿಂತರೆ ಬಾಗಿಲು ತುಕ್ಕು ಹಿಡಿಯುತ್ತದೆ. ಒಳಗೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದನ್ನು ಹರಿದು ಬಿಸಾಡಲು ಬಿಡಬೇಡಿ.

ಒಂದು ತಿಂಗಳು ಹಾಗೇ ಕೇಳಲಿ. ಆಮೇಲೂ ಬಾಸ್ ಬೇಕು ಅನಿಸಿದರೆ ಸೀಟಿನ ಕೆಳಗೆ ಕೂರುವ 8 ಇಂಚಿನ ಸಣ್ಣ ಸಬ್‌ವೂಫರ್ ಹಾಕಿಸಲಿ, ಬಾಸ್‌ಗೆ ಅಂತಲೇ ಇರುವ ಸ್ಪೀಕರ್ ಅದು, ಆ್ಯಂಪ್ಲಿಫೈಯರ್ ಒಳಗೇ ಇರುವಂಥದ್ದು. ಪಿಕಪ್‌ಗೆ ಡಿಕ್ಕಿ ಇಲ್ಲ, ಹಿಂದೆ ಇರುವುದು ತೆರೆದ ಟ್ರೇ. ದೊಡ್ಡ ಡಬ್ಬ ತಂದರೆ ಹಿಂದಿನ ಸೀಟು ಹೋಯಿತು ಅಂತಲೇ ಲೆಕ್ಕ. ನೀನು, ನಿನ್ನ ಅತ್ತೆ ಎಲ್ಲಿ ಕೂರುತ್ತೀರಿ?

ಆಗ ನಾನು ಹೇಳಿದ ಕೆಂಪು ವೈರ್ ಬರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಮಗನಿಗೆ ಕೇಳಿಸು. ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲದ ವೈರ್ ಗಾಡಿಯೊಳಗೆ ಬರಬಾರದು. ತಗಡಿನ ತೂತಿಗೆ ರಬ್ಬರ್ ಬಳೆ ಇಲ್ಲದೆ ವೈರ್ ತೂರಿಸಬಾರದು. ವೈರ್ ಶುದ್ಧ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದನ್ನು ಅದೇ ಬಣ್ಣದಲ್ಲಿ ಮಾರುತ್ತಾರೆ, ಸಿಸಿಎ ಅಂತ ಬರೆದಿರುತ್ತದೆ. ಒಂದೇ ದಪ್ಪದಲ್ಲಿ ಅದು ಜಾಸ್ತಿ ಬಿಸಿಯಾಗುತ್ತದೆ. ತುದಿ ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಕೀ ತೆಗೆದ ಮೇಲೆ ಆ್ಯಂಪ್ಲಿಫೈಯರ್ ಲೈಟ್ ಆರುತ್ತದಾ ಅಂತ ಅಂಗಡಿಯಲ್ಲೇ ನೋಡಲಿ, ಆರದಿದ್ದರೆ ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಖಾಲಿ.

ವಾರಂಟಿ ವಿಷಯ. ಕಂಪನಿಯ ವೈರ್ ಕತ್ತರಿಸಲು ಬಿಡಬಾರದು. ಆ ಗಾಡಿಗೇ ಕೂರುವ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್, ಸಿಗುತ್ತದೆ, ಚುಚ್ಚಿದರೆ ಆಯಿತು, ಬೇಡ ಅಂದಾಗ ತೆಗೆದರೆ ಗಾಡಿ ಮೊದಲಿನ ಹಾಗೆ. ಹೊರಗೆ ಹಾಕಿಸಿದ್ದರಿಂದ ಬಂದ ದೋಷಕ್ಕೆ ಕಂಪನಿಯವರು ವಾರಂಟಿ ಕೊಡುವುದಿಲ್ಲ. ಆದ್ದರಿಂದ ಶೋರೂಮಿಗೆ ಒಂದು ಇಮೇಲ್ ಹಾಕಿ, ಸ್ಪೀಕರ್ ಬದಲಾಯಿಸಿದರೆ ಏನು ಅಂತ ಬರಹದಲ್ಲಿ ಉತ್ತರ ತರಿಸಿಕೊಳ್ಳಲಿ. ಬಾಯಿ ಮಾತು ಬೇಡ. ಇನ್ಶೂರೆನ್ಸ್‌ಗೂ ಬಿಲ್ ಕಳಿಸಿ ಪಾಲಿಸಿಯಲ್ಲಿ ಬರೆಸಿ. ಸ್ವಲ್ಪ ಪ್ರೀಮಿಯಂ ಹೆಚ್ಚಾಗುತ್ತದೆ, ಕೊಟ್ಟುಬಿಡಿ.

ಅಂಗಡಿಯಲ್ಲಿ ಗಾಡಿ ಬಿಟ್ಟು ಬರಬಾರದು, ನಿಂತು ನೋಡಬೇಕು. ನೀನೂ ಹೋಗು. ಸಬ್‌ವೂಫರ್ ಹಾಕಿಸಿದ ದಿನ ಬಾನೆಟ್ ತೆರೆದು, ಬ್ಯಾಟರಿ ಹತ್ತಿರದ ಫ್ಯೂಸಿನ ಫೋಟೋ ನನಗೆ ಕಳಿಸು, ಅದರ ಮೇಲಿನ ಅಂಕಿ ಕಾಣುವ ಹಾಗೆ. 8 ಗೇಜ್ (ಗೇಜ್ ಅಂದರೆ ವೈರಿನ ದಪ್ಪದ ಅಳತೆ) ತಾಮ್ರದ ವೈರ್ ಆದರೆ 60 ಆಂಪಿಯರ್‌ಗಿಂತ ಮೇಲೆ ಇರಬಾರದು. ಮೇಲಿದ್ದರೆ ಬದಲಾಯಿಸಿಕೊಂಡೇ ದುಡ್ಡು ಕೊಡು.