ಅನುಭವಿಸಿದರು, ಕಷ್ಟಪಟ್ಟರು, ಎದುರಿಸಿದರು: ಅಮ್ಮನಿಗೆ ಯಾವ ಪದ?

ಪ್ರಶ್ನೆ
ಅಮ್ಮ ತೀರಿಕೊಂಡು ವರ್ಷವಾಗುತ್ತಾ ಬಂತು. ಮನೆಯವರು ಓದಲಿ ಅಂತ ಅವರ ಬಗ್ಗೆ ಒಂದೆರಡು ಪುಟ ಬರೆಯುತ್ತಿದ್ದೇನೆ. ಕೊನೆಯ ಎರಡು ವರ್ಷ ಕಾಯಿಲೆ. "ಅಮ್ಮ ಎರಡು ವರ್ಷ ಅನುಭವಿಸಿದರು" ಅಂತ ಬರೆದಿದ್ದೆ. ಅಕ್ಕ ಓದಿ, "ಏನೋ ತಪ್ಪು ಮಾಡಿ ಅನುಭವಿಸಿದ ಹಾಗೆ ಕೇಳಿಸುತ್ತೆ ಕಣೋ, ತೆಗಿ" ಅಂದಳು. "ಕಷ್ಟಪಟ್ಟರು" ಅಂದರೆ ದುಡಿದ ಹಾಗಾಗುತ್ತದೆ. "ಎದುರಿಸಿದರು" ಸ್ವಲ್ಪ ಜಾಸ್ತಿ ಆಯ್ತೇನೋ, ಅಮ್ಮ ಹೋರಾಡುವ ಜೀವ ಅಲ್ಲ. ಯಾವುದು ಸರಿ?

ಉತ್ತರ 1
ನಿಮ್ಮಕ್ಕ ಹೇಳಿದ್ದು ಸರಿ. ಆದರೆ ತಪ್ಪು ಪದದ್ದಲ್ಲ, ಏನನ್ನು ಅಂತ ಹೇಳದೆ ಬಿಟ್ಟಿದ್ದೀರಲ್ಲ, ಅದರದ್ದು. ಅನುಭವಿಸು ಅನ್ನೋದು ಸುಖಕ್ಕೂ ಬರುತ್ತದೆ, ನೋವಿಗೂ ಬರುತ್ತದೆ, ಕ್ರಯಪತ್ರದಲ್ಲಿ ಆಸ್ತಿಗೂ ಬರುತ್ತದೆ, "ಸ್ವಾಧೀನಾನುಭವ" ಅಂತ ಬರೆಯುತ್ತಾರಲ್ವಾ. ಒಂಟಿಯಾಗಿ ಬಿಟ್ಟರೆ ಮಾತ್ರ "ಅನುಭವಿಸಲಿ ಬಿಡು" ಅನ್ನೋ ಬೈಗುಳವೇ ಕಿವಿಗೆ ಬೀಳುತ್ತದೆ. "ನೋವು ಅನುಭವಿಸಿದರು" ಅನ್ನಿ, ಆ ಕಹಿ ಇರಲ್ಲ. ಕಷ್ಟಪಡು ಬಗ್ಗೆ ನಿಮ್ಮ ಅನುಮಾನ ನಿಜ. "ಕಷ್ಟಪಟ್ಟು ಓದಿದ" ಅಂತ ಹೇಳಿ ಹೇಳಿ ಅದು ದುಡಿಮೆ ಕಡೆ ವಾಲಿದೆ. "ಕಷ್ಟ ಕಂಡರು" ಅಂದರೆ ಆ ಗೊಂದಲವಿಲ್ಲ.

ಉತ್ತರ 2
ಈಚೆಗೆ ಇಂಥ ಕಡೆ "ಹಾದುಹೋದರು" ಅಂತ ಬರೆಯುತ್ತಾರೆ. ದಯವಿಟ್ಟು ಬೇಡ. ದಾರಿಗೆ ಅದು ಸರಿ. ತೀರಿಕೊಂಡವರ ಬಗ್ಗೆ ಓದುವಾಗ "ಹೋದರು" ಕಂಡರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ.

ಉತ್ತರ 3
ನಮ್ಮಜ್ಜಿ "ಸಿಹಿ ಉಂಡೆ, ಕಹಿನೂ ಉಂಡೆ" ಅನ್ನುತ್ತಿದ್ದರು. ಏಟು, ಬೈಗುಳ ತಿನ್ನೋದು, ನೋವು ಉಣ್ಣೋದು. ಏಟು ಹೊರಗಿನಿಂದ ಬೀಳುತ್ತದೆ, ಉಣ್ಣೋದರಲ್ಲಿ ನುಂಗಿ ಒಳಗೇ ಇಟ್ಟುಕೊಳ್ಳೋದೂ ಇದೆ. ಬಾಯಿಬಿಟ್ಟು ಹೇಳದವರಾಗಿದ್ದರೆ "ನೋವು ಉಂಡರು" ಚೆನ್ನಾಗಿ ಕೂರುತ್ತದೆ. ಹೇಳಿಕೊಂಡೂ ಗಟ್ಟಿಯಾಗಿ ಇದ್ದವರಾದರೆ "ತಾಳಿಕೊಂಡರು". ರಾತ್ರಿ ನೋವು ಬಂದಾಗ ಅಮ್ಮ ಏನು ಮಾಡುತ್ತಿದ್ದರು? ಅದನ್ನು ನೆನಪು ಮಾಡಿಕೊಂಡು ಆರಿಸಿ.

ಪ್ರಶ್ನೆ ಕೇಳಿದವರು
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೋವು ಜಾಸ್ತಿಯಾದ ರಾತ್ರಿ ಅಮ್ಮ ಎದ್ದು ಕೂತು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರು. ನನಗೆ ಎಚ್ಚರವಾದರೆ "ನೀನು ಮಲಗು" ಅಷ್ಟೇ. "ಎರಡು ವರ್ಷ ಆ ನೋವನ್ನು ಅಮ್ಮ ಒಬ್ಬರೇ ಉಂಡರು" ಅಂತ ಬರೆದು ಅಕ್ಕನಿಗೆ ಕಳಿಸಿದೆ. "ಉಂಡರು ಇರಲಿ, ಒಬ್ಬರೇ ಬೇಡ, ನಾವಿದ್ವಲ್ಲ" ಅಂದಳು. ತೆಗೆದೆ.