ಆರ್ಕ್‌ನಿ ದ್ವೀಪಗಳ ನಡುವೆ ಹಾರೋದಕ್ಕೆ ಡಿಸಿ-3 ಒಗ್ಗುತ್ತಾ?

ಎಡಸೀಟು:
ಜೆಟ್ ಹಾರಿಸಿ ಸಾಕಾಗಿದೆ. ಆಟೊಪೈಲಟ್ ಹಾಕಿದ ಮೇಲೆ ನನಗಲ್ಲಿ ಕೆಲಸವೇ ಇರೋದಿಲ್ಲ. ಹಾಗಾಗಿ ಸಿಮ್ಯುಲೇಟರಿನಲ್ಲಿ ಒಂದು ಪುಟ್ಟ ವಿಮಾನ ಕಂಪನಿ ನಡೆಸೋಣ ಅಂತ ಹೊರಟಿದ್ದೇನೆ. ಜಾಗ ಸ್ಕಾಟ್ಲೆಂಡಿನ ಆರ್ಕ್‌ನಿ. ಅಲ್ಲಿನ ಮುಖ್ಯ ಊರು ಕಿರ್ಕ್‌ವಾಲ್‌ನಿಂದ ವೆಸ್ಟ್ರೆ, ಪಾಪಾ ವೆಸ್ಟ್ರೆ, ನಾರ್ತ್ ರೊನಾಲ್ಡ್‌ಸೆ ದ್ವೀಪಗಳಿಗೆ. ನಿಜದಲ್ಲಿ ಅಲ್ಲಿ ಲೋಗನ್‌ಏರ್‌ನ ಐಲ್ಯಾಂಡರ್ ಅನ್ನೋ ಪುಟ್ಟ ವಿಮಾನ ಓಡಾಡುತ್ತದೆ ಅಂತ ಗೊತ್ತು. ಆದರೂ ನನ್ನ ಮನಸ್ಸು 1930ರ ದಶಕದ ಎರಡು ಎಂಜಿನ್ ವಿಮಾನ ಡಿಸಿ-3 ಮೇಲೇ. ಎಂಜಿನ್ ಹಾಳಾಗುವ ಸೆಟ್ಟಿಂಗ್ ಆನ್ ಇಟ್ಟೇ ಹಾರಿಸುತ್ತೇನೆ. ನಡೆಯುತ್ತಾ?

ಹಳೇರೆಕ್ಕೆ:
ನಡೆಯಲ್ಲ. ಆ ಸೆಟ್ಟಿಂಗ್ ಆನ್ ಇದ್ದರಂತೂ ಬೇಡವೇ ಬೇಡ.

ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಬರೀ 2.7 ಕಿ.ಮೀ. ವೇಳಾಪಟ್ಟಿಯಲ್ಲೇ ಎರಡು ನಿಮಿಷ. ಗಾಳಿ ಹಿಂದಿನಿಂದ ಬಂದರೆ ಒಂದು ನಿಮಿಷವೂ ಬೇಡ. ಅಷ್ಟರಲ್ಲಿ ಡಿಸಿ-3 ಚಕ್ರ ಮಡಚಿ, ಪವರ್ ಇಳಿಸಿ ಮುಗಿಸಿರುತ್ತದೆ, ಅಷ್ಟೇ. 14 ಸಿಲಿಂಡರಿನ, 1200 ಅಶ್ವಶಕ್ತಿಯ ಟ್ವಿನ್ ವಾಸ್ಪ್ ಎಂಜಿನ್ ಅದು. ಟೇಕಾಫ್‌ನಲ್ಲಿ ಕಾದು ಕೆಂಡವಾಗಿದ್ದನ್ನು ತಕ್ಷಣ ತಣ್ಣಗೆ ಮಾಡಿದರೆ ತಡೆಯಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸಲ್ಲ. ಇಳಿಯುವಾಗ ಥ್ರಾಟಲ್ ಪೂರ್ತಿ ಎಳೆದರೆ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸೋದಿಲ್ಲ, ಗಾಳಿ ಬಡಿದು ಪ್ರೊಪೆಲ್ಲರೇ ಎಂಜಿನನ್ನು ತಿರುಗಿಸುತ್ತದೆ. ಒಳಗೆ ಪಿಸ್ಟನ್‌ಗಳನ್ನು ಕ್ರ್ಯಾಂಕಿಗೆ ಜೋಡಿಸುವ ಮುಖ್ಯ ದಂಡದ (ಮಾಸ್ಟರ್ ರಾಡ್) ಬೇರಿಂಗಿಗೆ ಭಾರ ಉಲ್ಟಾ ಬೀಳುತ್ತದೆ. ಅದಕ್ಕೇ ಹಳೇ ಪೈಲಟ್‌ಗಳ ಲೆಕ್ಕ: ಪ್ರತಿ 100 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಕನಿಷ್ಠ ಒಂದು ಇಂಚು ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ. 2000 ಆರ್‌ಪಿಎಂ ಇದ್ದರೆ 20 ಇಂಚು. ಅಷ್ಟು ಪವರ್ ಇಟ್ಟುಕೊಂಡು ಪಕ್ಕದ ದ್ವೀಪಕ್ಕೆ ಇಳೀತೀರಾ? ದ್ವೀಪ ದಾಟಿ ಸಮುದ್ರದ ಮೇಲಿರುತ್ತೀರಿ.

ಐಲ್ಯಾಂಡರ್ ತೂಕ ತುಂಬಿದರೂ ಮೂರು ಟನ್. ಚಕ್ರ ಮಡಚೋ ತಂಟೆಯಿಲ್ಲ. ಪೈಲಟ್ ಒಬ್ಬನೇ, ಪಕ್ಕದ ಸೀಟಿನಲ್ಲೂ ಪ್ರಯಾಣಿಕರೇ ಕೂರುತ್ತಾರೆ. ಮೊದಲು ಹಾರಿದ್ದು 1965ರಲ್ಲಿ. ಅದೂ ಹಳೇ ವಿಮಾನವೇ ಅಲ್ವಾ?

ಡಿಸಿ-3 ಬೇಕೇ ಬೇಕು ಅಂದರೆ ಸ್ಕಾಟ್ಲೆಂಡಿನ ಮುಖ್ಯಭೂಮಿಯ ಇನ್ವರ್ನೆಸ್‌ನಿಂದ ಕಿರ್ಕ್‌ವಾಲ್, ಅಲ್ಲಿಂದ ಶೆಟ್‌ಲೆಂಡಿನ ಸಂಬರ್ಗ್‌ಗೆ ಹಾರಿಸಿ. ಒಂದೊಂದು ಹಂತವೂ ಅರ್ಧ ಗಂಟೆ ಆಸುಪಾಸು. ಎಂಜಿನ್ ಒಂದು ಹದಕ್ಕೆ ಬರುತ್ತದೆ, ನಿಧಾನವಾಗಿ ಇಳಿಯಬಹುದು. 1950ರ ದಶಕದಲ್ಲಿ ಬಿಇಎ (ಬ್ರಿಟಿಷ್ ಯೂರೋಪಿಯನ್ ಏರ್‌ವೇಸ್) ಕಂಪನಿ ತನ್ನ ಡಿಸಿ-3ಗಳಿಗೆ 'ಪಯನೇರ್' ಅಂತ ಹೆಸರಿಟ್ಟಿತ್ತು. ಆ ಬಣ್ಣ ಹಚ್ಚಿಕೊಳ್ಳಿ, ಚೆನ್ನಾಗಿ ಕಾಣುತ್ತದೆ.

ಕಡಲಗಾಳಿ:
ಎಂಜಿನ್ ಹಾಗಿರಲಿ, ಅಲ್ಲಿ ಗಾಳಿಯೇ ದೊಡ್ಡ ತಲೆನೋವು. ಡಿಸಿ-3ಗೆ ಬಾಲದಲ್ಲಿ ಚಕ್ರ. ಅಡ್ಡಗಾಳಿಗೆ ಮೂತಿ ತಿರುಗಿಸಿಬಿಡುತ್ತದೆ. ಪಾಪಾ ವೆಸ್ಟ್ರೆಯಲ್ಲಿ ಮೂರು ದಿಕ್ಕಿನ ರನ್‌ವೇ ಇರೋದು ಸುಮ್ನೆ ಅಲ್ಲ. ಗಾಳಿಗೆ ಎದುರಾಗಿರೋದನ್ನು ಆರಿಸಿಕೊಳ್ಳಿ.

ಇನ್ನೂ ಹಳೇ ಕಾಲ ಬೇಕಾ? ಡ್ರ್ಯಾಗನ್ ರ‍್ಯಾಪಿಡ್ ನೋಡಿ. ಎರಡು ಜೋಡಿ ರೆಕ್ಕೆ, ಬಟ್ಟೆ ಹೊದಿಕೆ. ಅದು ಬರೋ ಮುಂಚೆಯೇ, 1933ರಲ್ಲಿ, ಕ್ಯಾಪ್ಟನ್ ಫ್ರೆಸನ್ ಅನ್ನೋ ಪೈಲಟ್ ಇನ್ವರ್ನೆಸ್‌ನಿಂದ ಕಿರ್ಕ್‌ವಾಲ್‌ಗೆ ವಿಮಾನ ಸೇವೆ ಶುರು ಮಾಡಿದ್ದರು.

ಎಡಸೀಟು:
ಸರಿ, ಎರಡೂ ಇಟ್ಟುಕೊಳ್ಳುತ್ತೇನೆ. ಇನ್ವರ್ನೆಸ್‌ನಿಂದ ಡಿಸಿ-3, ಕಿರ್ಕ್‌ವಾಲ್‌ನಲ್ಲಿ ಇಳಿದವರಿಗೆ ಮುಂದಕ್ಕೆ ಐಲ್ಯಾಂಡರ್. ಪವರ್ ಇಳಿಸುವಾಗ ಮೊದಲು ಯಾವುದು, ಥ್ರಾಟಲ್ಲಾ, ಪ್ರೊಪೆಲ್ಲರ್ ಲಿವರಿನಿಂದ ಇಳಿಸೋ ಆರ್‌ಪಿಎಂ ಆ?

ಹಳೇರೆಕ್ಕೆ:
ಇಳಿಸುವಾಗ ಮೊದಲು ಥ್ರಾಟಲ್, ಆಮೇಲೆ ಆರ್‌ಪಿಎಂ. ಏರಿಸುವಾಗ ಮೊದಲು ಆರ್‌ಪಿಎಂ. ಟೇಕಾಫ್‌ಗೂ ಲ್ಯಾಂಡಿಂಗಿಗೂ ಮುಂಚೆ ಬಾಲದ ಚಕ್ರ ಲಾಕ್ ಆಗಿದೆಯಾ ನೋಡಿಕೊಳ್ಳಿ.